ಕಂಸದೊಳಗ ಇದ್ದವರು

ರಾಣೆಬೆನ್ನೂರಿನ ಈ ಬೀಜದ ಗೋದಾಮಿನಲ್ಲಿ
ಕಂಪ್ಯೂಟರಿನ ಮೇಲೂ ಔಷಧದ ಗುಲಾಬಿ ಧೂಳು.
ಕೀಲಿಮಣೆಯ ಸಂದಿಗೆ ಯಾವುದೋ ಬೆಂಡಿ ಬೀಜ ಬಿದ್ದು
ಸೊನ್ನೆ ಒತ್ತಿದರೆ ಎರಡೆರಡು ಮೂಡುತ್ತವೆ.

ಮಂಗಳವಾರ ಸಂಜೆ ಕುರುವತ್ತಿ ಸಾಹೇಬರು
ಬಾಗಿಲಲ್ಲೇ ನಿಂತು ಅಂದರು:
"ಬೆಂಡಿ, ಇಲ್ಲಾ ಮೆಣಸಿನಕಾಯಿ...
ಮೊಳಕಿ ಅರವತ್ತೈದಕ್ಕ ಕಡಿಮಿ ಇರಬಾರದು.
ಲೌಕರ ತಗದುಕೊಡವಾ, ಲಾರಿ ನಿಂತೈತಿ."

ಮೆಣಸಿನಕಾಯಿ ಆದಮೇಲೆ ಅವರು ಒಂದು ಉಸಿರು ತಡೆದಿದ್ದರು.
ಮನುಷ್ಯರ ಕಿವಿಗೆ ಅಷ್ಟು ಸಾಕು.
ನಾನು ಬರೆದದ್ದರಲ್ಲಿ ಉಸಿರೇ ಇರಲಿಲ್ಲ:
ಬೆಳೆ ಬೆಂಡಿಯಾಗಿರಲಿ ಅಥವಾ ಬೆಳೆ ಮೆಣಸಿನಕಾಯಿಯಾಗಿರಲಿ ಮತ್ತು ಮೊಳಕೆ ಅರವತ್ತೈದಕ್ಕೆ ಕಡಿಮೆಯಿರದಿರಲಿ

ಯಂತ್ರಕ್ಕೆ 'ಮತ್ತು' ಒಡಹುಟ್ಟಿದವ, 'ಅಥವಾ' ದೂರದ ಬೀಗ.
ಮೆಣಸಿನಕಾಯಿಯನ್ನಷ್ಟೇ ಎಳೆದು ಮೊಳಕೆಗೆ ಗಂಟು ಹಾಕಿತು,
ಬೆಂಡಿಯ ಕೈ ಹಿಡಿದು ಕೇಳಲಿಲ್ಲ.
ಹೋದ ವರ್ಷದ ಮುಗ್ಗಲು ಲಾಟುಗಳೂ
ಕರೆಯದ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತವು.
ಇಪ್ಪತ್ತೇಳು ಸಾಲು.
ಯಾದಿ ಉದ್ದವಿದ್ದದ್ದಕ್ಕೆ ನನಗೆ ಹಿಗ್ಗು.

ಇಮಾಮಹುಸೇನನ ಲಾರಿ ಮೋಟೆಬೆನ್ನೂರು ಮುಟ್ಟುವ ಹೊತ್ತಿಗೆ
ಯಾದಿಯ ನಕಲು ಫಕ್ಕೀರವ್ವನ ಕೈಗೆ ಸಿಕ್ಕಿತು.
ಹತ್ತೊಂಬತ್ತು ವರ್ಷದಿಂದ ಒದ್ದೆ ಕಾಗದದ ಸುರುಳಿ ಬಿಚ್ಚಿ
ಮೊಳಕೆ ಎಣಿಸುತ್ತ ಬಂದವಳು.
ಬೆರಳ ತುದಿ ಸದಾ ಬೆಳ್ಳಗೆ, ನೆನೆದ ಅವಲಕ್ಕಿ.
"ಈ ಲಾಟು ನನ್ನ ಕೈಯಾಗ ಸತ್ತೈತಲ್ಲ!
ನೂರಕ್ಕ ನಲವತ್ತೊಂದು. ಇದ್ಯಾಕ ಹೊಂಟತಿ?"

ಫೋನು ಮಾಡಿ ಲಾರಿ ತಿರುಗಿಸಿದೆವು. ಎಂಟು ಲಾಟು ಇಳಿದವು.
ಡೀಸೆಲ್ ದುಡ್ಡಿನ ಮಾತು ಇಲ್ಲಿ ಬೇಡ.

ಗುತ್ತಲದ ಶಾಲೆಯಲ್ಲಿ ಗಣಿತದ ಮಾಸ್ತರು
ಖಡು ತುಂಡಾಗುವಂತೆ ಹಲಗೆ ಕುಟ್ಟಿ ಹೇಳುತ್ತಿದ್ದರು:
"ಮೊದಲು ಕಂಸದೊಳಗ ಇದ್ದವರನ್ನ ಬಿಡಸ್ರಿ.
ದೇವಕಿ ವಸುದೇವ ಅಲ್ಲೇ ಕುಂತಾರ.
ಗುಣಾಕಾರ ಭಾಗಾಕಾರ ಆಮ್ಯಾಲ."
ನಕ್ಕಿದ್ದೆವು. ಈಗ
ಎರಡು ಬಾಗು ಗೆರೆ ಹಾಕಿದೆ, ಬೊಗಸೆಯ ಹಾಗೆ;
ಬೆಂಡಿ ಅಥವಾ ಮೆಣಸಿನಕಾಯಿ ಅದರೊಳಗೆ ಒಟ್ಟಿಗೆ,
'ಮತ್ತು' ಹೊರಗೆ ನಿಂತು ಇಬ್ಬರನ್ನೂ ಕೇಳಿತು.
ಹತ್ತೊಂಬತ್ತು ಸಾಲು.

ಅಲ್ಲಿಗೆ ಎದ್ದು ಮನೆಗೆ ಹೋಗಬಹುದಿತ್ತು.
ಲೆಕ್ಕ ಬಿಡಲಿಲ್ಲ.
ಒಟ್ಟು ಮೂವತ್ತೊಂದು ಲಾಟು, ಪಾಸು ಹತ್ತೊಂಬತ್ತು,
ಕಡಿಮೆ ಇರುವವು ಯಾವು ಎಂದರೆ ಏಳು.
ಉಳಿದ ಐದು?
ಕಡಿಮೆಯಲ್ಲೂ ಇಲ್ಲ, ಕಡಿಮೆಯಿಲ್ಲದ್ದರಲ್ಲೂ ಇಲ್ಲ.
'ಮೊಳಕೆ ಸಮ ನಲ್' ಅಂತ ಕೇಳಿದೆ,
ಪರದೆ ಬೋಳು ಬೋಳು. ಒಂದು ಸಾಲೂ ಬರಲಿಲ್ಲ.
ಖಾಲಿಗೆ ಖಾಲಿಯೂ ಸಮವಲ್ಲವಂತೆ;
ಎರಡು ಕತ್ತಲೆಕೋಣೆ ಒಂದೇ ಎಂದು
ಹೊರಗೆ ನಿಂತವರು ಹೇಗೆ ಹೇಳುತ್ತಾರೆ?

"ಆ ಐದೂ ಇನ್ನಾ ಕಾಗದದಾಗ ಮಲಗ್ಯಾವ" ಅಂದಳು ಫಕ್ಕೀರವ್ವ,
ಸೆರಗಿಗೆ ಕೈ ಒರೆಸುತ್ತ.
"ಎಣಿಸಿಲ್ಲ ಅಂದ್ರ ಸತ್ತಾವಂತಲ್ಲ.
ಬದುಕ್ಯಾವಂತನೂ ಅಲ್ಲ. ಸೊನ್ನಿ ಹಾಕಿಗೀಕೀಯಾ ಮತ್ತ."
ಆಮೇಲೆ, ಯಾರಿಗೋ ಹೇಳುವಂತೆ:
"ಪಂಚಾಯ್ತ್ಯಾಗೂ ಹಿಂಗ.
ಗಂಡ ಅದಾನೋ ಇಲ್ಲೋ ಅಂತ ಫಾರಮಿನ್ಯಾಗ ಕೇಳಿದ್ರು.
ಗೋವಾಕ್ಕ ಹೋಗಿ ಒಂಬತ್ತು ವರ್ಷಾತು, ನಾ ಏನಂತ ಬರೀಲಿ?
ಹಂಗ ಬಿಟ್ಟೆ.
ಮುತ್ತೈದೇರ ಯಾದ್ಯಾಗೂ ಇಲ್ಲ, ವಿಧವಾ ಪಗಾರದಾಗೂ ಇಲ್ಲ."

ನಾನು 'ಸಮ' ಅಳಿಸಿ 'ಈಸ್' ಬರೆದೆ. ಈಸ್ ನಲ್.
ಐದೂ ಬಂದವು, ತಡವಾಗಿ ಎಬ್ಬಿಸಿದ ಮಕ್ಕಳಂತೆ,
ಮೊಳಕೆಯ ಕೆಳಗೆ ಏನೂ ಇಲ್ಲದೆ.

ಅವಳು ಪರದೆಯ ಹತ್ತಿರ ಬಗ್ಗಿ
ಖಾಲಿ ಖಾನೆಯನ್ನು ಬೆಳ್ಳಗಿನ ಬೆರಳಿಂದ ಮುಟ್ಟಿದಳು.
ಒದ್ದೆ ಗುರುತು ಉಳಿಯಿತು.

ಶುಕ್ರವಾರ ಸುರುಳಿ ಬಿಚ್ಚುತ್ತಾಳೆ.
ಒಂದು, ಎರಡು, ಇದರದು ಬೇರು ಅಡ್ಡ,
ಇದನ್ನ ಬಿಡು, ಮೂರು.